ಚೀನೀ ಅಕ್ಷರಗಳಲ್ಲಿ ಕೊಂಕಣಪುರ, ಪುಲಕೇಶಿ ಮತ್ತು ನಿರ್ಗ್ರಂಥ

ಕ್ರಿ.ಶ. ಏಳನೆಯ ಶತಮಾನದ ಕರ್ಣಾಟಕದ ಇತಿಹಾಸವನ್ನು ಬರೆಯುವವರಿಗೆ ದೇಶೀಯ ಶಾಸನಗಳೊಡನೆ ದೊರೆಯುವ ಹೊರದೇಶದ ಆಧಾರಗಳಲ್ಲಿ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನ ಗ್ರಂಥವು ಮುಖ್ಯವಾದುದು. ಭಾರತದ ಸಂಚಾರವನ್ನು ಮುಗಿಸಿ 645ರಲ್ಲಿ ಸ್ವದೇಶವನ್ನು ಸೇರಿದ ಈ ಬೌದ್ಧ ಭಿಕ್ಷುವಿನ ವೃತ್ತಾಂತವು 646ರಲ್ಲಿ ಹನ್ನೆರಡು ಸಂಪುಟಗಳಲ್ಲಿ ಸಿದ್ಧವಾಯಿತು. ಇದರ ಹನ್ನೊಂದನೆಯ ಸಂಪುಟದಲ್ಲಿ ಕೊಂಕಣಪುರವೆಂಬ ದೇಶವೂ ಅದರ ಬೆನ್ನಿಗೇ ಮಹಾರಾಷ್ಟ್ರವೂ ಅಲ್ಲಿಯ ಅರಸನಾದ ಪುಲಕೇಶಿಯೂ ವರ್ಣಿತವಾಗಿರುವುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಆದರೆ ಮೂಲದಲ್ಲಿ 'ಕೊಂಕಣಪುರ' ಎಂಬ ಶಬ್ದವಾಗಲಿ 'ಪುಲಕೇಶಿ' ಎಂಬ ಶಬ್ದವಾಗಲಿ ನಾವು ಬರೆಯುವ ಹಾಗೆ ಬರೆದಿಲ್ಲ. ಬರೆಯುವುದು ಸಾಧ್ಯವೂ ಇರಲಿಲ್ಲ. ಅಲ್ಲಿರುವುದು ಒಂದೊಂದಕ್ಕೂ ತನ್ನದೇ ಅರ್ಥವುಳ್ಳ ಚೀನೀ ಅಕ್ಷರಗಳ ಸಾಲು. ಆ ಸಾಲಿನಿಂದ ಹೆಸರನ್ನು ಹೊರತೆಗೆಯುವ ಕ್ರಮ ಯಾವುದು, ಅದರ ಮಿತಿ ಎಷ್ಟು, 'ನಿರ್ಗ್ರಂಥ'ರೆಂದು ಅನುವಾದಗಳಲ್ಲಿ ಕಾಣುವ ಕಡೆಗಳಲ್ಲೆಲ್ಲ ಮೂಲದಲ್ಲಿಯೂ ಆ ಶಬ್ದವೇ ಇದೆಯೇ ಎಂಬ ಪ್ರಶ್ನೆಗಳು ಜೈನ ಇತಿಹಾಸದ ದೃಷ್ಟಿಯಿಂದ ವಿಚಾರಾರ್ಹವಾಗಿವೆ.

ಕನ್ನಡವೇ ಮೊದಲಾದ ಭಾರತೀಯ ಲಿಪಿಗಳಲ್ಲಿ ಅಕ್ಷರವು ಧ್ವನಿಯ ಸಂಕೇತ. ಸಂಸ್ಕೃತದ ಶಬ್ದವೊಂದು ಕನ್ನಡಕ್ಕೆ ಬಂದಾಗ ಅದನ್ನು ಇದ್ದಂತೆಯೇ ಬರೆಯಬಹುದು, ಇಲ್ಲವೆ ನಾಲಗೆಗೆ ಒಗ್ಗುವಂತೆ ಮಾರ್ಪಡಿಸಿ ತದ್ಭವವಾಗಿಸಬಹುದು. ಜೈನ ವೈಯಾಕರಣನಾದ ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ಈ ಮಾರ್ಪಾಟುಗಳಿಗೆ ಸೂತ್ರಗಳನ್ನೇ ರಚಿಸಿದ್ದಾನೆ. ಚೀನೀ ಬರಹದ ಸ್ವರೂಪ ಬೇರೆ. ಅಲ್ಲಿ ಒಂದು ಅಕ್ಷರವೆಂದರೆ ಒಂದು ಉಚ್ಚಾರಘಟಕವೂ ಹೌದು, ಒಂದು ಅರ್ಥವೂ ಹೌದು. ಆದುದರಿಂದ ಪರದೇಶದ ಹೆಸರನ್ನು ಬರೆಯಬೇಕಾದವನ ಮುಂದೆ ಎರಡು ದಾರಿಗಳಿದ್ದುವು. ಅರ್ಥವನ್ನು ಕೈಬಿಟ್ಟು ಧ್ವನಿಗೆ ಸಮೀಪವಾದ ಅಕ್ಷರಗಳನ್ನು ಜೋಡಿಸುವುದು ಒಂದು. ಧ್ವನಿಯನ್ನು ಕೈಬಿಟ್ಟು ಹೆಸರಿನ ಅರ್ಥವನ್ನು ಚೀನೀ ಮಾತಿನಲ್ಲಿ ಹೇಳುವುದು ಇನ್ನೊಂದು. ಎರಡನ್ನೂ ಬೆರೆಸಿದ ರೂಪಗಳೂ ಉಂಟು. ಯಾವ ಸಂದರ್ಭಗಳಲ್ಲಿ ಸಂಸ್ಕೃತ ಶಬ್ದವನ್ನು ಅನುವಾದಿಸದೆ ಧ್ವನಿಯಿಂದಲೇ ಬರೆಯಬೇಕೆಂಬುದಕ್ಕೆ ಐದು ನಿಯಮಗಳನ್ನು ಹ್ಯೂಯೆನ್ ತ್ಸಾಂಗನ ಹೆಸರಿನಲ್ಲಿ ಪರಂಪರೆಯು ಹೇಳುತ್ತದೆ. ಮಂತ್ರಗಳಂತೆ ರಹಸ್ಯವಾದುವು, 'ಭಗವತ್' ಶಬ್ದದಂತೆ ಹಲವು ಅರ್ಥಗಳುಳ್ಳುವು, ಜಂಬೂವೃಕ್ಷದಂತೆ ಚೀನದಲ್ಲಿ ಇಲ್ಲದ ವಸ್ತುಗಳು, ಹಿಂದಿನವರ ರೂಢಿಯಿಂದ ನೆಲೆಗೊಂಡುವು, 'ಪ್ರಜ್ಞಾ' ಶಬ್ದದಂತೆ ಅನುವಾದಿಸಿದರೆ ಗೌರವ ಕುಂದುವಂಥವು, ಇವೇ ಆ ಐದು ವರ್ಗಗಳು. ಊರಿನ ಹೆಸರುಗಳು, ಅರಸರ ಹೆಸರುಗಳು ಸಾಮಾನ್ಯವಾಗಿ ಧ್ವನಿಯ ದಾರಿಯಲ್ಲಿಯೇ ನಡೆದಿವೆ.

ಕೊಂಕಣಪುರವನ್ನು ಯಾತ್ರಿಕನು ಐದು ಅಕ್ಷರಗಳಲ್ಲಿ ಬರೆದಿದ್ದಾನೆ. ಇಂದಿನ ಚೀನೀ ಉಚ್ಚಾರಣೆಯಲ್ಲಿ ಅವು 'ಗುಂಗ್-ಚಿಯೆನ್-ನಾ-ಬು-ಲುವೊ' ಎಂದು ಕೇಳಿಸುತ್ತವೆ. ತಾಂಗ್ ಅರಸರ ಕಾಲದ ಉಚ್ಚಾರಣೆಯಲ್ಲಿ ಸುಮಾರಾಗಿ 'ಕೊಂಗ್-ಕನ್-ನ-ಪು-ಲ' ಎಂದಿದ್ದಿತು. ಮೊದಲನೆಯದರ ಅರ್ಥ ವಿನಯ, ಎರಡನೆಯದು ಸ್ಥಾಪಿಸು, ಮೂರನೆಯದು 'ಆ' ಎಂಬ ನಿರ್ದೇಶನ, ನಾಲ್ಕನೆಯದು ಹರಿದುದನ್ನು ಸರಿಪಡಿಸು, ಐದನೆಯದು ಬಲೆ ಅಥವಾ ತೆಳುವಾದ ರೇಷ್ಮೆ. ಈ ಅರ್ಥಗಳನ್ನು ಕೂಡಿಸಿ ನಾಡಿನ ಸ್ವಭಾವವನ್ನು ಊಹಿಸಹೊರಟರೆ ವ್ಯರ್ಥಶ್ರಮವಾದೀತು. ಇವು ಕೇವಲ ಧ್ವನಿಗಾಗಿ ಆರಿಸಿದ ಅಕ್ಷರಗಳು.

ಇದು 'ಕೊಂಕಣಪುರ'ವೇ ಎಂದು ತಿಳಿಯುವ ಬಗೆ ಹೇಗೆ? ಸ್ತಾನಿಸ್ಲಾಸ್ ಜೂಲಿಯೆನ್ ಎಂಬ ಫ್ರೆಂಚ್ ವಿದ್ವಾಂಸನು 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಚೀನೀ ಪುಸ್ತಕಗಳಲ್ಲಿ ಬರುವ ಸಂಸ್ಕೃತ ನಾಮಗಳನ್ನು ಬಿಡಿಸುವ ವಿಧಾನವನ್ನು ನಿರೂಪಿಸಿದನು. ಅದರ ಸಾರವಿಷ್ಟೆ: ಸಂದೇಹಾಸ್ಪದವಾದ ಹೆಸರಿನ ಪ್ರತಿಯೊಂದು ಅಕ್ಷರವೂ ನಿಸ್ಸಂದೇಹವಾಗಿ ಗೊತ್ತಿರುವ ಬೇರೆ ಹೆಸರುಗಳಲ್ಲಿ ಯಾವ ಧ್ವನಿಗೆ ನಿಂತಿದೆಯೆಂಬುದನ್ನು ನೋಡಬೇಕು. ಈ ಒರೆಗಲ್ಲಿಗೆ ಮೇಲಿನ ಹೆಸರನ್ನು ತಿಕ್ಕಿದರೆ ಫಲ ಸ್ಪಷ್ಟವಾಗುತ್ತದೆ. 'ಕೊಂಗ್' ಎಂಬ ಅಕ್ಷರವನ್ನೇ ಯಾತ್ರಿಕನು ಒಡಿಶಾದ ಕೊಂಗೋದ ದೇಶದ ಹೆಸರಿನ ಮೊದಲಲ್ಲಿ ಬಳಸಿದ್ದಾನೆ. ಕೊಂಗೋದವು ಶೈಲೋದ್ಭವರ ಶಾಸನಗಳಿಂದ ಸ್ವತಂತ್ರವಾಗಿ ತಿಳಿದಿರುವ ನಾಡು. 'ಕನ್' ಎಂಬ ಅಕ್ಷರವನ್ನೇ ಕಾಂಚೀಪುರದ ಮೊದಲಲ್ಲಿ ಇರಿಸಿದ್ದಾನೆ. 'ಪು-ಲ' ಎಂಬ ಜೋಡಿಯು ಅದೇ ಕಾಂಚೀಪುರದಲ್ಲಿ 'ಪುರ'ಕ್ಕೆ ಬಂದಿದೆ. 'ನ' ಎಂಬುದು ನಾಲಂದದ ಮೊದಲ ಅಕ್ಷರ. ಹೀಗೆ ಐದು ಅಕ್ಷರಗಳಿಗೂ ಅವನ ಗ್ರಂಥದಲ್ಲಿಯೇ ಸಾಕ್ಷಿಗಳು ದೊರೆಯುವುದರಿಂದ 'ಕೊಂಕಣಪುರ' ಎಂಬ ಪಾಠವು ಗಟ್ಟಿಯಾಗಿ ನಿಲ್ಲುತ್ತದೆ. 'ಣ'ಕಾರಕ್ಕೆ ಬದಲಾಗಿ ದಂತ್ಯವಾದ 'ನ'ಕಾರವಿದೆಯಲ್ಲಾ ಎಂಬ ಆಕ್ಷೇಪಕ್ಕೂ ಉತ್ತರವುಂಟು. ಪುಂಡ್ರವರ್ಧನದ ಹೆಸರನ್ನು ಬರೆಯುವಾಗ 'ಪುಂಡ್ರ' ಎಂಬಲ್ಲಿಯ ಮೂರ್ಧನ್ಯಕ್ಕೂ ಅವನು ಇದೇ 'ನ' ಅಕ್ಷರವನ್ನೇ ಬಳಸಿದ್ದಾನೆ. ಆದುದರಿಂದ ನ-ಣಕಾರಗಳ ಭೇದವನ್ನು ಈ ಅಕ್ಷರದಿಂದ ನಿರ್ಣಯಿಸಲಾಗದು.

ಹೆಸರು ನಿಶ್ಚಿತವಾದರೂ ಊರು ನಿಶ್ಚಿತವಾಗಲಿಲ್ಲ. ದ್ರಾವಿಡ ದೇಶದಿಂದ ಉತ್ತರಕ್ಕೆ ಕಳ್ಳಕಾಕರ ಭಯವುಳ್ಳ ಕಾಡುದಾರಿಯಲ್ಲಿ ಎರಡು ಸಾವಿರ 'ಲಿ'ಗಳಿಗೂ ಮಿಗಿಲಾಗಿ ನಡೆದು ಕೊಂಕಣಪುರವನ್ನು ಮುಟ್ಟಿದುದಾಗಿಯೂ, ಅಲ್ಲಿಂದ ವಾಯವ್ಯಕ್ಕೆ ದೊಡ್ಡ ಕಾಡಿನಲ್ಲಿ ಎರಡು ಸಾವಿರದ ನಾಲ್ಕೈದು ನೂರು 'ಲಿ' ನಡೆದು ಮಹಾರಾಷ್ಟ್ರವನ್ನು ಸೇರಿದುದಾಗಿಯೂ ವೃತ್ತಾಂತವು ಹೇಳುತ್ತದೆ. ಈ ದೂರವನ್ನೂ ದಿಕ್ಕನ್ನೂ ಅಳೆದ ವಿದ್ವಾಂಸರು ಒಬ್ಬೊಬ್ಬರು ಒಂದೊಂದು ಕಡೆಗೆ ಹೋದರು. ವಿವಿಯೆನ್ ದ ಸೇಂಟ್ ಮಾರ್ಟಿನ್ ಬನವಾಸಿಯನ್ನು ಸೂಚಿಸಿದನು. ಜನರಲ್ ಕನ್ನಿಂಗ್‌ಹ್ಯಾಮ್ ತುಂಗಭದ್ರೆಯ ಉತ್ತರದಂಡೆಯ ಆನೆಗೊಂದಿಯನ್ನು ಹೇಳಿದನು. ಜೇಮ್ಸ್ ಫರ್ಗುಸನ್ ಮೈಸೂರು ಪ್ರಸ್ಥಭೂಮಿಯ ನಡುವೆ, ಬಿದನೂರಿನ ಪೂರ್ವಕ್ಕೆ ಎಲ್ಲಿಯೋ ಹುಡುಕಬೇಕೆಂದನು.

ಫರ್ಗುಸನ್ನನ ಮತವು ಶಿವಮೊಗ್ಗೆಯ ಸೀಮೆಯವರ ಕುತೂಹಲವನ್ನು ಕೆರಳಿಸುವಂಥದು. ಬಿದನೂರೆಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ಅದರ ಪೂರ್ವಕ್ಕೆ ಸಾಗಿದರೆ ಹೊಂಬುಜವೂ ರಿಪ್ಪನ್‌ಪೇಟೆಯೂ ಶಿವಮೊಗ್ಗ-ಸಾಗರ ಹೆದ್ದಾರಿಯ ಮೇಲಿನ ಆಯನೂರೂ ಸಿಕ್ಕುತ್ತವೆ. ಹೊಂಬುಜವು ಸಾಂತರರ ರಾಜಧಾನಿಯಾಗಿ, ಪದ್ಮಾವತೀ ದೇವಿಯ ಕ್ಷೇತ್ರವಾಗಿ, 1077ರ ಶಾಸನವುಳ್ಳ ಪಂಚಬಸದಿಯ ನೆಲೆಯಾಗಿ ಪ್ರಸಿದ್ಧವಾಗಿದೆ. ಅಂದಮಾತ್ರಕ್ಕೆ ಯಾತ್ರಿಕನ ಕೊಂಕಣಪುರವು ಈ ಸೀಮೆಯಲ್ಲಿಯೇ ಇದ್ದಿತೆಂದು ಸಾಧಿಸಲು ಆಧಾರವಿಲ್ಲ. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕ'ದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ (1902, 1904) ಪ್ರಕಟಿಸಿದ ಶಾಸನಗಳಲ್ಲಿ ಹೊಂಬುಜವು 'ಪೊಂಬುರ್ಚ' ಎಂದು ಕಾಣಿಸಿಕೊಳ್ಳುತ್ತದೆ. ಅದು ಕೊಂಕಣಪುರದ ಐದು ಅಕ್ಷರಗಳಿಗೆ ಯಾವ ರೀತಿಯಿಂದಲೂ ಹೊಂದದು. ಫರ್ಗುಸನ್ನನ ಊಹೆಯು ದೂರದ ಎಣಿಕೆಯ ಮೇಲೆ ನಿಂತಿದೆಯೇ ಹೊರತು ಹೆಸರಿನ ಮೇಲಲ್ಲ.

ಅಕ್ಷರಗಳ ಮಿತಿಯನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. 'ಆಯನೂರು' ಎಂಬ ಹೆಸರನ್ನೇ ಆ ಕಾಲದ ಲಿಪಿಕಾರನೊಬ್ಬನು ಬರೆಯಬೇಕಾಗಿದ್ದಿತೆಂದು ಭಾವಿಸೋಣ. ರೂಢಿಯಲ್ಲಿದ್ದ ಅಕ್ಷರಗಳಿಂದ ಅವನು 'ಅ-ಯ-ನು-ಲು' ಎಂದು ಬರೆಯಬಹುದಿತ್ತು. ಮೊದಲ ಸ್ವರದ ದೀರ್ಘವನ್ನು ತೋರಿಸುವ ಅಕ್ಷರವು ಬೇರೆಯಾಗಿಲ್ಲ. ರೇಫಕ್ಕೆ ಪ್ರತ್ಯೇಕ ಅಕ್ಷರವಿಲ್ಲದುದರಿಂದ ಲಕಾರವೇ ಆ ಕೆಲಸವನ್ನೂ ಮಾಡಬೇಕು. 'ನು' ಎಂಬ ಧ್ವನಿಗೆ ಎಲ್ಲಕ್ಕಿಂತ ಬಳಕೆಯಲ್ಲಿದ್ದ ಅಕ್ಷರದ ಅರ್ಥ 'ಗುಲಾಮ'. ಅದು ಬೇಡವೆಂದರೆ 'ಪ್ರಯತ್ನ'ವೆಂಬ ಅರ್ಥವುಳ್ಳ ಇನ್ನೊಂದು 'ನು' ಇದೆ. ಲಿಪಿಕಾರನ ಮನೋಧರ್ಮಕ್ಕೆ ಎಡೆಯಿರುವುದು ಇಂಥ ಆಯ್ಕೆಯಲ್ಲಿಯೇ. ಉತ್ತರದ ಗಡಿಯಲ್ಲಿ ಕಾಟ ಕೊಡುತ್ತಿದ್ದ 'ಶ್ಯುಂಗ್-ನು' ಜನಾಂಗದ ಹೆಸರಿನಲ್ಲಿ ಚೀನೀಯರು ಈ ಗುಲಾಮವಾಚಕವನ್ನೇ ಬಳಸಿದ್ದರು. ಇನ್ನು 'ಅಯನುಲು' ಎಂಬುದನ್ನು ಸಾವಿರ ವರ್ಷಗಳ ತರುವಾಯ ಓದುವವನು ಅದನ್ನು ಆಯನೂರು, ಅಯನೂಲು, ಅಯ್ಯನೂರು ಎಂದು ಹೇಗೆ ಬೇಕಾದರೂ ಬಿಡಿಸಿಕೊಂಡಾನು. ಬರೆಯುವವನಿಗೆ ಒಂದೇ ಆಗಿದ್ದ ಹೆಸರು ಓದುವವನಿಗೆ ಹಲವಾಗುವ ಪರಿ ಇದು.

ಪುಲಕೇಶಿಯ ಹೆಸರಿನಲ್ಲಿ ಈ ಮಿತಿಯೂ ಉಪಯೋಗವೂ ಒಟ್ಟಿಗೆ ಕಾಣುತ್ತವೆ. ಯಾತ್ರಿಕನ ನಾಲ್ಕು ಅಕ್ಷರಗಳು ಅಂದಿನ ಉಚ್ಚಾರಣೆಯಲ್ಲಿ 'ಪು-ಲ-ಕೇ-ಶ'. ಮೊದಲೆರಡು ಅಕ್ಷರಗಳು ಕೊಂಕಣಪುರದಲ್ಲಿ 'ಪುರ'ಕ್ಕೆ ನಿಂತ ಅಕ್ಷರಗಳೇ ಆಗಿವೆ. ಒಂದೇ ಜೋಡಿಯು ಒಂದೆಡೆ 'ಪುರ', ಇನ್ನೊಂದೆಡೆ 'ಪುಲ'. ಶಾಸನಗಳ ನೆರವಿಲ್ಲದಿದ್ದರೆ ಈ ಅರಸನನ್ನು 'ಪುರಕೇಶ'ನೆಂದು ಓದಿದರೂ ತಡೆಯುವವರಿರಲಿಲ್ಲ. ಶಾಸನಗಳಲ್ಲಿ ಈ ನಾಮವು ಪೊಲೆಕೇಶಿ, ಪುಲಿಕೇಶಿ, ಪುಲಕೇಶಿ ಎಂದು ಹಲವು ರೂಪಗಳಲ್ಲಿ ಬರುವುದರಿಂದ ಯಾತ್ರಿಕನ ಕಿವಿಗೆ ಬಿದ್ದುದು ಯಾವುದು ಎಂಬ ಪ್ರಶ್ನೆಯೇಳುತ್ತದೆ. 'ಲಿ'ಕಾರಕ್ಕೂ 'ರಿ'ಕಾರಕ್ಕೂ ಬೇರೆಯಾದ ಅಕ್ಷರಗಳು ಅವನ ಬಳಕೆಯಲ್ಲಿದ್ದು, ಅವನ್ನು ಬಿಟ್ಟು 'ಲ'ವನ್ನು ಬಳಸಿರುವುದರಿಂದ ಅವನು ಕೇಳಿದುದು 'ಪುಲಕೇಶಿ'ಗೆ ಸಮೀಪವಾದ ರೂಪವೆಂದು ಹೇಳಬಹುದು. ಹೀಗೆ ಲಕಾರ-ರೇಫಗಳ ವಿಚಾರದಲ್ಲಿ ಮೂಕವಾದ ಅಕ್ಷರವು ಸ್ವರದ ವಿಚಾರದಲ್ಲಿ ಮಾತನಾಡುತ್ತದೆ. ಆದರೆ ಜನರ ಮಾತಿನ ರೂಪವೂ ಅದೇ ಆಗಿದ್ದಿತೆಂದು ಇದರಿಂದ ಹೇಳಬರುವುದಿಲ್ಲ. ಸಂಸ್ಕೃತಜ್ಞರಾದ ಭಿಕ್ಷುಗಳಿಂದ ಅವನು ಹೆಸರನ್ನು ಕೇಳಿದ್ದಿರಬಹುದು.

ಇದಕ್ಕೆ ಹೊಂದಿಕೊಂಡೇ 'ಮಹಾರಾಷ್ಟ್ರ'ದ ಹೆಸರನ್ನೂ ನೋಡಬೇಕು. ಅದು 'ಮ-ಹ-ಲತ್-ಠ' ಎಂಬ ನಾಲ್ಕು ಅಕ್ಷರಗಳಲ್ಲಿದೆ. ಮೂರನೆಯ ಅಕ್ಷರವು ಅಂದು ತಕಾರಾಂತವಾಗಿದ್ದಿತು. ಆ ತಕಾರವು ಮುಂದಿನ ಮೂರ್ಧನ್ಯದೊಡನೆ ಸೇರಿ ದ್ವಿತ್ವವನ್ನು ಸೂಚಿಸುತ್ತದೆ. 'ಷ್ಟ್ರ' ಎಂಬ ಸಂಯುಕ್ತದ ಊಷ್ಮವಾಗಲಿ ರೇಫವಾಗಲಿ ಇಲ್ಲಿ ಕಾಣುವುದಿಲ್ಲ. ಪ್ರಾಕೃತದ 'ಮಹಾರಟ್ಠ' ರೂಪಕ್ಕೆ ಇದು ಎಷ್ಟು ಹತ್ತಿರವೆಂಬುದನ್ನು ಮಾಹಾರಾಷ್ಟ್ರೀ ಪ್ರಾಕೃತವನ್ನು ಬಲ್ಲ ಜೈನ ವಿದ್ವಾಂಸರಿಗೆ ಹೇಳಬೇಕಾದುದಿಲ್ಲ. ಸುರಾಷ್ಟ್ರದ ಹೆಸರನ್ನೂ ಯಾತ್ರಿಕನು ಇದೇ ಎರಡು ಅಕ್ಷರಗಳಿಂದ ಮುಗಿಸಿದ್ದಾನೆ.

ಈ ಅರಸನ ಆಸ್ಥಾನದ ಜೈನ ಕವಿ ರವಿಕೀರ್ತಿಯು ಐಹೊಳೆಯ ಮೇಗುಟಿಯಲ್ಲಿ ಜಿನಾಲಯವನ್ನು ಕಟ್ಟಿಸಿ ಶಕ 556ರಲ್ಲಿ, ಎಂದರೆ 634-35ರಲ್ಲಿ, ತನ್ನ ಪ್ರಶಸ್ತಿಯನ್ನು ಕೆತ್ತಿಸಿದನು. ಯಾತ್ರಿಕನು ಮಹಾರಾಷ್ಟ್ರಕ್ಕೆ ಬಂದುದು 641ರ ಸುಮಾರಿಗೆ. ಆರೇಳು ವರ್ಷಗಳಷ್ಟೇ ಅಂತರ. ಆದರೂ ಮಹಾರಾಷ್ಟ್ರದ ವರ್ಣನೆಯಲ್ಲಿ ನೂರಾರು ದೇವಾಲಯಗಳೂ ಬಹುಸಂಖ್ಯೆಯ ಅನ್ಯಮತೀಯರೂ ಇದ್ದರೆಂಬ ಒಟ್ಟು ಮಾತಿದೆಯೇ ಹೊರತು ಜೈನರ ಹೆಸರಿಲ್ಲ. ಕೊಂಕಣಪುರದ ವರ್ಣನೆಯೂ ಹಾಗೆಯೇ ಇದೆ. ಅರಸನಿಂದ ಪ್ರಸಾದವನ್ನು ಪಡೆದೆನೆಂದು ಕವಿಯೇ ಹೇಳಿಕೊಂಡಿರುವ ಜಿನಾಲಯವು ಎದ್ದುನಿಂತಿದ್ದ ರಾಜ್ಯದಲ್ಲಿ ಜೈನರು ಕಣ್ಣಿಗೆ ಬೀಳಲಿಲ್ಲವೆಂದರೆ, ಯಾತ್ರಿಕನ ಮೌನವನ್ನು ಅಭಾವಕ್ಕೆ ಪ್ರಮಾಣವಾಗಿ ಹಿಡಿಯಬಾರದೆಂಬುದು ಸಿದ್ಧವಾಗುತ್ತದೆ.

ಇನ್ನು ಅವನು ಜೈನರನ್ನು ಹೇಳಿದ ಎಡೆಗಳನ್ನು ಪರಿಶೀಲಿಸಬೇಕು. ಜೈನರನ್ನು ಕುರಿತು ಚೀನೀ ಗ್ರಂಥಗಳಲ್ಲಿ ಮೂರು ಬಗೆಯ ಹೆಸರುಗಳಿವೆ. ಧ್ವನಿಯಿಂದ ಬರೆದ 'ನಿ-ಗನ್' ಅಥವಾ 'ನಿ-ಗನ್-ದ' ಎಂಬುದು ಮೊದಲನೆಯದು. ಇದರಲ್ಲಿ ರೇಫದ ಸುಳಿವಿಲ್ಲ. ಪಾಲಿಯ 'ನಿಗಂಠ', ಅಶೋಕನ ಏಳನೆಯ ಸ್ತಂಭಶಾಸನದ 'ನಿಗಂಠ' ರೂಪಗಳಿಗೆ ಇದು ಸಮೀಪವಾದುದು. ಪ್ರಾಚೀನ ಆಗಮಗಳ ಅನುವಾದಗಳಲ್ಲಿ ಮಹಾವೀರಸ್ವಾಮಿಯ ಹೆಸರು 'ನಿ-ಗನ್-ದ' ಎಂದು ಮೊದಲುಗೊಂಡು, ಜ್ಞಾತಿ ಎಂಬುದನ್ನು ಧ್ವನಿಯಿಂದಲೂ 'ಪುತ್ರ' ಎಂಬುದನ್ನು ಮಗನೆಂಬ ಅರ್ಥದ ಚೀನೀ ಅಕ್ಷರದಿಂದಲೂ ಪಡೆದಿದೆ. ಇದು ಮಿಶ್ರರೂಪ. ಎರಡನೆಯದು ಅರ್ಥಾನುವಾದವಾದ 'ಲಿ-ಚಿ', ಬಂಧನದಿಂದ ಬಿಡುಗಡೆಯಾದವನು. ಇದು 'ನಿರ್ಗ್ರಂಥ' ಶಬ್ದದ ತಿರುಳನ್ನು ಹಿಡಿದ ಅನುವಾದವೆನ್ನಬೇಕು. ಹ್ಯೂಯೆನ್ ತ್ಸಾಂಗನೇ ಶಾಸ್ತ್ರಗ್ರಂಥಗಳ ಅನುವಾದದಲ್ಲಿ ಇದನ್ನು ಬಳಸಿದ್ದಾನೆ. ಮೂರನೆಯದು 'ಲು-ಶಿಂಗ್', ಬತ್ತಲೆ ಮೈಯವರು. ಇದು ಧ್ವನಿಯೂ ಅಲ್ಲ, ಅನುವಾದವೂ ಅಲ್ಲ. ಹೊರಗಿನವನು ಕಂಡುದನ್ನು ಹೇಳುವ ವರ್ಣನೆ.

'ನಿ-ಗನ್' ಎಂಬುದರ ಮೊದಲ ಅಕ್ಷರವು ಭಿಕ್ಷುಣಿಗೂ ನಿಲ್ಲುತ್ತದೆ. ಎರಡನೆಯದಕ್ಕೆ ಕೆಲವು ಪ್ರತಿಗಳಲ್ಲಿ ಬೀಜವೊಡೆದ ಎತ್ತು ಎಂಬರ್ಥದ ಅಕ್ಷರವಿರುತ್ತದೆ. ಇದನ್ನು ಕಂಡು, ಬೌದ್ಧರು ಪ್ರತಿಪಕ್ಷದವರನ್ನು ಹೀಯಾಳಿಸುವುದಕ್ಕಾಗಿಯೇ ಇಂಥ ಅಕ್ಷರವನ್ನು ಆರಿಸಿದರೆಂದು ವಾದಿಸುವ ಆಸೆಯುಂಟಾಗುವುದು ಸಹಜ. ಆದರೆ ಅದೇ ಎತ್ತಿನ ಅಕ್ಷರವು ಬುದ್ಧನ ಅಗ್ರಶಿಷ್ಯನಾದ ಮೌದ್ಗಲ್ಯಾಯನನ ಹೆಸರಿನಲ್ಲಿಯೂ ಗಾಂಧಾರ ದೇಶದ ಹಳೆಯ ಲಿಪ್ಯಂತರದಲ್ಲಿಯೂ ಇದೆ. ತಮ್ಮ ಅಗ್ರಶಿಷ್ಯನನ್ನೇ ಅವರು ಹೀಯಾಳಿಸಿದರೆಂದು ಯಾರೂ ಹೇಳಲಾರರು. ಆದುದರಿಂದ ಅಕ್ಷರದ ಅರ್ಥದಿಂದ ತಿರಸ್ಕಾರವನ್ನು ಊಹಿಸುವ ಮೊದಲು ಆ ಅಕ್ಷರವು ಬೇರೆಲ್ಲಿ ಬಂದಿದೆಯೆಂಬುದನ್ನು ನೋಡುವುದು ಅವಶ್ಯ. ತಿರಸ್ಕಾರವಿದ್ದರೆ ಅದು ಕಾಣುವುದು ಮತ್ತೊಂದು ಕಡೆ: ಜೈನರ ಹೆಸರಿನೊಡನೆ ಹಲವೆಡೆ ಸೇರಿಬರುವ 'ಹೊರದಾರಿಯವರು' ಎಂಬ ವಿಶೇಷಣದಲ್ಲಿ.

ದಕ್ಷಿಣ ದೇಶದ ಜೈನರ ವಿಚಾರದಲ್ಲಿ ಮುಖ್ಯವಾದ ಅಂಶವೊಂದಿದೆ. ಚೋಳ, ದ್ರಾವಿಡ ಮತ್ತು ಮಲಕೂಟ ದೇಶಗಳ ವರ್ಣನೆಯಲ್ಲಿ ಅನ್ಯಮತೀಯರಲ್ಲಿ ಹೆಚ್ಚಿನವರು 'ಲು-ಶಿಂಗ್' ಎಂದಿದೆ. ಸ್ಯಾಮ್ಯುಯೆಲ್ ಬೀಲ್ 1884ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಕಾಂಚಿಯ ಪ್ರಸಂಗದಲ್ಲಿಯೂ ಮಲಕೂಟದ ಪ್ರಸಂಗದಲ್ಲಿಯೂ ಇದನ್ನು 'ನಿರ್ಗ್ರಂಥ'ರೆಂದು ಬರೆದನು. ಆ ಅನುವಾದವನ್ನು ಮಾತ್ರ ನೋಡಿದವರು, ಯಾತ್ರಿಕನು ಕಾಂಚಿಯಲ್ಲಿ 'ನಿರ್ಗ್ರಂಥ' ಎಂಬ ಶಬ್ದವನ್ನೇ ಬಳಸಿದನೆಂದು ಭಾವಿಸುವುದಕ್ಕೆ ಅವಕಾಶವಾಗುತ್ತದೆ. ಮೂಲದಲ್ಲಿರುವುದು 'ಬತ್ತಲೆ ಮೈಯ ಹೊರದಾರಿಯವರು' ಎಂದಷ್ಟೆ. ಆಜೀವಕರೂ ನಗ್ನರಾಗಿರುತ್ತಿದ್ದರು, ತಮಿಳುನಾಡಿನಲ್ಲಿ ಅವರು ಬಹುಕಾಲ ಉಳಿದಿದ್ದರು. ಹಾಗಾದರೆ ಈ ಆಧಾರವು ಜೈನರ ಪಾಲಿಗೆ ನಷ್ಟವಾಯಿತೆ?

ಹಾಗೇನೂ ಆಗುವುದಿಲ್ಲ, ಯಾತ್ರಿಕನ ಸ್ವಂತ ಬಳಕೆಯೇ ಇಲ್ಲಿ ನೆರವಿಗೆ ಬರುತ್ತದೆ. ಪುಂಡ್ರವರ್ಧನದಲ್ಲಿಯೂ ಸಮತಟದಲ್ಲಿಯೂ ಅವನು 'ಲು-ಶಿಂಗ್ ನಿ-ಗನ್' ಎಂದು ಎರಡು ಹೆಸರುಗಳನ್ನೂ ಕೂಡಿಸಿ, ಬತ್ತಲೆ ನಿರ್ಗ್ರಂಥರು ಅಲ್ಲಿ ಬಹುಸಂಖ್ಯೆಯಲ್ಲಿದ್ದರೆಂದು ಹೇಳಿದ್ದಾನೆ. ಅವನ ಶಿಷ್ಯರು ಬರೆದು 688ರಲ್ಲಿ ಮುಗಿಸಿದ ಜೀವನಚರಿತ್ರೆಯಲ್ಲಿ, ನಾಲಂದದ ಅವನ ಕೋಣೆಗೆ ಬಂದು ಸ್ವದೇಶಕ್ಕೆ ಮರಳುವ ಭವಿಷ್ಯವನ್ನು ನುಡಿದ ವಜ್ರನೆಂಬ ನಿರ್ಗ್ರಂಥನನ್ನು ಇದೇ ಜೋಡಿಶಬ್ದದಿಂದ ಕರೆದಿದೆ. ಆದುದರಿಂದ ಬಿಡಿಯಾಗಿ ಬಂದ 'ಲು-ಶಿಂಗ್' ಕೂಡ ಬಹುಮಟ್ಟಿಗೆ ದಿಗಂಬರ ಜೈನರನ್ನೇ ಸೂಚಿಸುತ್ತದೆಂಬುದು ಯುಕ್ತವಾದ ಅನುಮಾನ. ಕಾಂಚಿಯ ಅರಸ ಸಿಂಹವರ್ಮನ ಆಳಿಕೆಯ ಇಪ್ಪತ್ತೆರಡನೆಯ ವರ್ಷದಲ್ಲಿ, ಶಕ 380ರಲ್ಲಿ (458), ಸರ್ವನಂದಿಯು 'ಲೋಕವಿಭಾಗ'ವನ್ನು ಮುಗಿಸಿದ ಸಂಗತಿಯು ಆ ನಾಡಿನಲ್ಲಿ ಜೈನರು ಮೊದಲೇ ನೆಲೆಸಿದ್ದರೆಂಬುದಕ್ಕೆ ಸ್ವತಂತ್ರ ಸಾಕ್ಷಿ. ತೀರ್ಮಾನವು ಬೀಲ್‌ನ ಅನುವಾದದಲ್ಲಿರುವುದೇ. ಆದರೆ ಅದು ಪ್ರತ್ಯಕ್ಷ ಶಬ್ದಪ್ರಮಾಣವಲ್ಲ, ಅನುಮಾನಪ್ರಮಾಣ ಎಂಬ ಭೇದವನ್ನು ಮರೆಯಬಾರದು.

ಶ್ವೇತಾಂಬರರ ವಿಚಾರದಲ್ಲಿಯೂ ಇಂಥದೇ ತೊಡಕಿದೆ. ವಾಯವ್ಯದ ಸಿಂಹಪುರದಲ್ಲಿ 'ಬಿಳಿಯ ಬಟ್ಟೆಯ ಹೊರದಾರಿಯವರ' ಮೂಲಗುರುವು ಉಪದೇಶ ಮಾಡಿದ ಸ್ಥಳವನ್ನು ಯಾತ್ರಿಕನು ವರ್ಣಿಸಿದ್ದಾನೆ. ಚೀನೀ ಬೌದ್ಧರ ಮಾತಿನಲ್ಲಿ 'ಬಿಳಿಯ ಬಟ್ಟೆ'ಯೆಂದರೆ ಗೃಹಸ್ಥನಾದ ಶ್ರಾವಕ. 'ಹೊರದಾರಿಯವರು' ಎಂಬ ಮಾತನ್ನು ಸೇರಿಸಿದುದರಿಂದಲೇ ಅದು ಯತಿವರ್ಗಕ್ಕೆ ಸಲ್ಲುತ್ತದೆಂದು ತಿಳಿಯುತ್ತದೆ. ಕನ್ನಡ ನಾಡಿನಲ್ಲಿ ಕದಂಬ ಮೃಗೇಶವರ್ಮನ ದೇವಗಿರಿಯ ತಾಮ್ರಶಾಸನವು ಶ್ವೇತಪಟ ಮಹಾಶ್ರಮಣಸಂಘವನ್ನೂ ನಿರ್ಗ್ರಂಥ ಮಹಾಶ್ರಮಣಸಂಘವನ್ನೂ ಬೇರೆ ಬೇರೆಯಾಗಿ ಹೆಸರಿಸಿ ದಾನವನ್ನು ಹಂಚಿದೆ. ಆ ಸಂಘಗಳು ತಮ್ಮನ್ನು ತಾವು ಕರೆದುಕೊಂಡ ಹೆಸರುಗಳು ಅವು. ಯಾತ್ರಿಕನಲ್ಲಿರುವುದು ಅನ್ಯರು ಇಟ್ಟ ಹೆಸರುಗಳು.

ಆಚಾರದ ವರದಿಗಳಲ್ಲಿಯೂ ಇದೇ ಎಚ್ಚರ ಬೇಕು. ಕುಮಾರಜೀವನು 404ರಲ್ಲಿ ಅನುವಾದಿಸಿದ 'ಶತಶಾಸ್ತ್ರ'ದಲ್ಲಿ 'ಲೆ-ಶ-ಬ' ಎಂಬ ಅಕ್ಷರಗಳಲ್ಲಿ ವೃಷಭದೇವನ ಹೆಸರಿದೆ. ಋಷಭನೆಂಬ ರೂಪವನ್ನು ಲಕಾರದಿಂದ ಬರೆದುದು. ಆತನ ಶಿಷ್ಯರು ನಿರ್ಗ್ರಂಥಸೂತ್ರವನ್ನು ಪಠಿಸುವರೆಂದೂ, ಐದು ಬೆಂಕಿಗಳಿಂದ ಮೈಯನ್ನು ಕಾಯಿಸಿಕೊಳ್ಳುವುದು, ಕೂದಲನ್ನು ಕೀಳುವುದು ಮೊದಲಾದ ದೇಹಕ್ಲೇಶಗಳನ್ನು ಧರ್ಮವೆಂದು ಭಾವಿಸುವರೆಂದೂ ಅಲ್ಲಿ ಹೇಳಿದೆ. ಕೇಶಲೋಚದ ಮಾತು ನಿಜ. ಪಂಚಾಗ್ನಿಯ ಮಾತು ಸಲ್ಲದು. ಕಮಠನ ಪಂಚಾಗ್ನಿತಪಸ್ಸನ್ನು ಪಾರ್ಶ್ವನಾಥಸ್ವಾಮಿಯು ಖಂಡಿಸಿದ ಕಥೆಯು ಜೈನಪುರಾಣಗಳಲ್ಲಿ ಪ್ರಸಿದ್ಧವಾಗಿದೆ. ಹೆಸರನ್ನು ಸರಿಯಾಗಿ ಬರೆದ ಕಡೆ ವಿಷಯವೂ ಸರಿಯಾಗಿರಬೇಕೆಂಬ ನಿಯಮವಿಲ್ಲ. ಇಂದಿನ ಚೀನೀ ಭಾಷೆಯಲ್ಲಿ ಜೈನಧರ್ಮಕ್ಕೆ 'ಚೀ-ನಾ' ಮತವೆಂದು ಹೆಸರು. ಮೊದಲ ಅಕ್ಷರದ ಅರ್ಥ ಅರುವತ್ತು ದಾಟಿದ ಹಿರಿಯ. ಆದರೂ ಅದು 'ಜಿನ' ಶಬ್ದದ ಧ್ವನಿಗಾಗಿ ಬಂದುದೇ ಹೊರತು ಅರ್ಥಕ್ಕಾಗಿ ಅಲ್ಲ.

ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಕೊಂಕಣಪುರದ ವರ್ಣನೆಯಲ್ಲಿ ಇನ್ನೊಂದು ಅಮೂಲ್ಯವಾದ ಮಾತಿದೆ. ನಗರದ ಉತ್ತರಕ್ಕೆ ಸಮೀಪದಲ್ಲಿಯೇ ಸುತ್ತಳತೆಯಲ್ಲಿ ಮೂವತ್ತು 'ಲಿ'ಗಳಿಗೂ ಮಿಗಿಲಾದ 'ತ-ಲ' ಮರಗಳ ತೋಪು ಇದ್ದಿತೆಂದೂ, ಅವುಗಳ ಎಲೆಗಳು ಉದ್ದವೂ ಅಗಲವೂ ನುಣುಪೂ ಆಗಿದ್ದು ಎಲ್ಲ ದೇಶಗಳಲ್ಲಿಯೂ ಬರವಣಿಗೆಗೆ ಬಳಕೆಯಾಗುತ್ತಿದ್ದುವೆಂದೂ ಯಾತ್ರಿಕನು ಹೇಳಿದ್ದಾನೆ. 'ತ-ಲ' ಎಂದರೆ ತಾಳ. ಅಗಲವಾದ ಎಲೆಯೆಂಬ ಮಾತು ಶ್ರೀತಾಳೆಗೆ ಚೆನ್ನಾಗಿ ಒಪ್ಪುತ್ತದೆ. ಮೂಡುಬಿದಿರೆಯ ಧವಲಾ ಪ್ರತಿಗಳ ಗರಿಗಳು ಆ ಜಾತಿಯವೇ. ಆದರೆ ತಾಳವೆಂಬ ಹೆಸರು ಸಾಧಾರಣ ತಾಳೆಗೂ ಸಲ್ಲುವುದರಿಂದ ಹೆಸರೊಂದರಿಂದಲೇ ಜಾತಿಯನ್ನು ನಿರ್ಣಯಿಸಲಾಗದು. ಅಷ್ಟೇ ಅಲ್ಲದೆ ಇದೇ 'ತ-ಲ' ಜೋಡಿಯು ತಾರಾದೇವಿಯ ಹೆಸರಿಗೂ ನಿಂತಿದೆ. 'ಪತ್ರ' ಶಬ್ದವನ್ನು 'ಪೈ-ತ-ಲ' ಎಂದು ಬರೆದಾಗ ಅದರ ಕೊನೆಗೂ ಬಂದಿದೆ. ಈ 'ಪೈ' ಎಂಬುದರ ಅರ್ಥ ಕವಡೆ ಅಥವಾ ಚಿಪ್ಪು. ಕಾಲಕ್ರಮದಲ್ಲಿ 'ತ-ಲ' ಉದುರಿ, ಎಲೆಯೆಂಬರ್ಥದ ಚೀನೀ ಅಕ್ಷರವು ಸೇರಿ, ಓಲೆಗರಿಗೆ ಚೀನದಲ್ಲಿ 'ಚಿಪ್ಪಿನ ಎಲೆ' ಎಂಬಂತೆ ತೋರುವ ಹೆಸರೇ ನಿಂತಿತು. ಚಿಪ್ಪಿಗೂ ಓಲೆಗೂ ಯಾವ ಸಂಬಂಧವೂ ಇಲ್ಲ. ಉಳಿದುದು 'ಪತ್ರ' ಶಬ್ದದ ಮೊದಲ ಧ್ವನಿಯೊಂದೇ.

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ನಿಷ್ಪನ್ನವಾಗುತ್ತವೆ. ಚೀನೀ ಗ್ರಂಥದಲ್ಲಿಯ ಹೆಸರನ್ನು ಪ್ರಮಾಣವಾಗಿ ಉದ್ಧರಿಸುವವರು ಅದು ಧ್ವನಿಯೋ ಅನುವಾದವೋ ವರ್ಣನೆಯೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಧ್ವನಿಯಾದರೆ ಅದೇ ಅಕ್ಷರವು ಅದೇ ಲೇಖಕನಲ್ಲಿ ಬೇರೆಡೆ ಬಂದುದನ್ನು ಹೋಲಿಸಬೇಕು. ಅನುವಾದವಾದರೆ ಮೂಲಶಬ್ದವು ಯಾವುದೆಂದು ವಿಚಾರಿಸಬೇಕು. ವರ್ಣನೆಯಾದರೆ ಅದನ್ನು ಶಾಸನಗಳ ಮತ್ತು ಆಗಮಗಳ ಬೆಳಕಿನಲ್ಲಿ ಪರೀಕ್ಷಿಸಬೇಕು. ಕೊಂಕಣಪುರದ ಸ್ಥಳವು ಹೆಸರಿನಿಂದ ಬಗೆಹರಿಯುವ ಪ್ರಶ್ನೆಯಲ್ಲ. ಬನವಾಸಿ, ಆನೆಗೊಂದಿ, ಬಿದನೂರಿನ ಪೂರ್ವದ ಸೀಮೆ ಇವುಗಳಲ್ಲಿ ಯಾವುದಕ್ಕೆ ಆ ಗೌರವವು ಸಲ್ಲಬೇಕೆಂಬುದನ್ನು ಏಳನೆಯ ಶತಮಾನದ ಅವಶೇಷಗಳೂ ಶಾಸನಗಳೂ ಹೇಳಬೇಕಾಗಿದೆ.